ಹನ್ನೊಂದು ತಿಂಗಳ ನೌಕರಿ, ಮಗ್ಗದ ಮೇಲಿನ ಮುಂಗಡ

ಪ್ರಶ್ನೆ: ನಾನು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ಕಾರ್ಮಿಕ ಸಂಘದ ಕಾರ್ಯದರ್ಶಿ. ಸುಮಾರು ನಲವತ್ತು ಮಂದಿ ದುಡಿಯುವ ಈ ಕಾರ್ಖಾನೆಯಲ್ಲಿ ಮೋಲ್ಡಿಂಗ್ ವಿಭಾಗದವರಿಂದ ಹನ್ನೊಂದು ತಿಂಗಳಿಗೊಮ್ಮೆ ರಾಜೀನಾಮೆ ಬರೆಸಿಕೊಂಡು, ಎಂಟು ದಿನ ಬಿಟ್ಟು ಮತ್ತೆ ಕೆಲಸಕ್ಕೆ ಕರೆಯುತ್ತಾರೆ. ಆರು ವರ್ಷಗಳಿಂದ ಹೀಗೆ ನಡೆದಿದೆ. ಈ ಸಲ ಒಬ್ಬರನ್ನು ಮರಳಿ ಕರೆಯಲಿಲ್ಲ. ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ತಕ್ಕಂತೆ ಸಿಗುವ ಇಡಿಗಂಟು, ಕೇಳಿದರೆ ಐದು ವರ್ಷದ ಸೇವೆಯೇ ಆಗಿಲ್ಲವೆನ್ನುತ್ತಾರೆ. ನಮಗೇನು ದಾರಿ?

ಉತ್ತರ: ರಾಜೀನಾಮೆ ಪತ್ರ ಇದೆ ಎಂಬ ಒಂದೇ ಕಾರಣಕ್ಕೆ ನೀವು ಸುಮ್ಮನಾಗಬೇಕಾಗಿಲ್ಲ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದವರದು ಆ ವರ್ಷದ ಮಟ್ಟಿಗೆ ನಿರಂತರ ಸೇವೆ ಎಂಬ ನಿಯಮ 1972ರ ಗ್ರ್ಯಾಚುಟಿ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಹನ್ನೊಂದು ತಿಂಗಳು ದುಡಿದವರು ಈ ಎಣಿಕೆಯನ್ನು ಸುಲಭವಾಗಿ ದಾಟುತ್ತಾರೆ. ಹಾಗಾಗಿ ವಾದವೆಲ್ಲ ಆ ರಾಜೀನಾಮೆಗಳು ನಿಜವಾದವೇ, ಅಥವಾ ಸೇವೆಯನ್ನು ಕಾಗದದ ಮೇಲೆ ತುಂಡರಿಸಲು ಬರೆಸಿಕೊಂಡವೇ ಎಂಬುದರ ಸುತ್ತ ನಡೆಯುತ್ತದೆ. ಒಂದೇ ವಿಭಾಗದ ಎಲ್ಲರೂ ಪ್ರತಿ ಬಾರಿಯೂ ಒಂದೇ ಅವಧಿಗೆ ರಾಜೀನಾಮೆ ಕೊಟ್ಟು ಎಂಟೇ ದಿನಕ್ಕೆ ಮರಳಿದ್ದಾರೆ ಎಂಬುದನ್ನು ದಾಖಲೆಯಿಂದ ತೋರಿಸಿದರೆ, ಅವು ಸ್ವಇಚ್ಛೆಯ ರಾಜೀನಾಮೆಗಳೆಂದು ಸಮರ್ಥಿಸುವುದು ಮಾಲೀಕರಿಗೆ ಕಷ್ಟವಾಗುತ್ತದೆ. ಕಾಯಂ ಕಾರ್ಮಿಕರ ಸೌಲಭ್ಯ ತಪ್ಪಿಸುವ ಉದ್ದೇಶದಿಂದ ಕಾರ್ಮಿಕರನ್ನು ವರ್ಷಗಟ್ಟಲೆ ತಾತ್ಕಾಲಿಕವಾಗಿಯೇ ಇಟ್ಟುಕೊಳ್ಳುವುದನ್ನು ಕೈಗಾರಿಕಾ ಸಂಬಂಧಗಳ ಸಂಹಿತೆ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿಯೇ ಸೇರಿಸಿದೆ.

ಆದ್ದರಿಂದ ಮೊದಲು ದಾಖಲೆ ಕೂಡಿಸಿ. ಹಾಜರಿಯ ಮಸ್ಟರ್ ಪುಸ್ತಕ ಮಾಲೀಕರ ಕೈಯಲ್ಲಿರುತ್ತದೆ, ಆದರೆ ಭವಿಷ್ಯ ನಿಧಿಯ ಪಾಸ್‌ಬುಕ್, ಇಎಸ್‌ಐ (ಕಾರ್ಮಿಕರ ವಿಮೆ) ವಂತಿಗೆಯ ವಿವರ, ಪಗಾರ ಜಮೆಯಾದ ಬ್ಯಾಂಕ್ ಖಾತೆಯ ಹಾಳೆಗಳು ಕಾರ್ಮಿಕರ ಬಳಿಯೇ ಇರುತ್ತವೆ, ಮತ್ತು ತಿಂಗಳು ತಿಂಗಳ ಕಥೆಯನ್ನು ಅವೇ ಹೇಳುತ್ತವೆ. ಗ್ರ್ಯಾಚುಟಿಯ ಲೆಕ್ಕ ಕಠಿಣವಲ್ಲ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ವೇತನ 13,000 ರೂಪಾಯಿ, ಸೇವೆ ಆರು ವರ್ಷವಾದರೆ 45,000 ರೂಪಾಯಿ ಬರುತ್ತದೆ. ಇಲ್ಲಿ ವೇತನವೆಂದರೆ ಯಾವುದು ಎಂಬುದನ್ನು ಗಮನಿಸಿ. ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆಂದೇ ಎಣಿಕೆಯಾಗುತ್ತದೆ.

ಬಾಕಿಯಾದ ದಿನದಿಂದ 30 ದಿನದೊಳಗೆ ಮಾಲೀಕರು ಹಣ ಕೊಡದಿದ್ದರೆ ಕಾರ್ಮಿಕ ಇಲಾಖೆಯ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ತಡವಾದ ಅವಧಿಗೆ ಬಡ್ಡಿಯನ್ನೂ ಕೇಳಬಹುದು. ಕೆಲಸದಿಂದ ತೆಗೆದ ವಿವಾದ ಬೇರೆ. ಅದನ್ನು ನ್ಯಾಯಮಂಡಳಿಗೆ ಒಯ್ಯಲು ಹಿಂದೆ ಮೂರು ವರ್ಷ ಇದ್ದ ಕಾಲಮಿತಿ ಈಗ ಎರಡು ವರ್ಷಕ್ಕೆ ಇಳಿದಿದೆ, ಆದ್ದರಿಂದ ಕಾಯಬೇಡಿ. ಇನ್ನುಳಿದವರ ವಿಷಯವನ್ನು ಒಳಗೇ ಬಗೆಹರಿಸಲು ಅವಕಾಶವಿದೆ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಎರಡೂ ಪಕ್ಷಗಳ ಸಮಾನ ಸದಸ್ಯರಿರುವ ಕುಂದುಕೊರತೆ ಸಮಿತಿ ಇರಲೇಬೇಕು. ಅದು ಇಲ್ಲದಿದ್ದರೆ ರಚಿಸಲು ಬರಹದಲ್ಲಿ ಕೇಳಿ, ಕೇಳಿದ ಪತ್ರಕ್ಕೆ ಸ್ವೀಕೃತಿ ಪಡೆಯಿರಿ. ನಿಗದಿತ ಅವಧಿಯ ನೌಕರಿಯನ್ನು ಕಾನೂನು ನಿಷೇಧಿಸಿಲ್ಲ. ಹಾಗೆ ನೇಮಿಸಿಕೊಂಡವರಿಗೆ ಕಾಯಂ ಕಾರ್ಮಿಕರ ಸಮಾನ ವೇತನ, ಒಂದು ವರ್ಷ ಸೇವೆ ಸಲ್ಲಿಸಿದರೆ ಗ್ರ್ಯಾಚುಟಿ ಕೊಡಬೇಕೆಂದು ಹೇಳಿದೆ. ನಿಮ್ಮ ಮಾಲೀಕರು ರಾಜೀನಾಮೆಯ ಸುತ್ತುದಾರಿ ಬಿಟ್ಟು ಈ ನೇರ ದಾರಿಗೆ ಬರಲಿ ಎಂದು ನಾನು ಮನಃಪೂರ್ವಕ ಬಯಸುತ್ತೇನೆ.

ಪ್ರಶ್ನೆ: ರಬಕವಿ-ಬನಹಟ್ಟಿಯಲ್ಲಿ ನನ್ನ ವಿದ್ಯುತ್ ಮಗ್ಗಗಳಿವೆ. ನಲವತ್ತು ಸಾವಿರ ರೂಪಾಯಿ ಮುಂಗಡ ಪಡೆದ ನೇಕಾರರೊಬ್ಬರು ಅದನ್ನು ತೀರಿಸದೆ ಬೇರೆಯವರ ಬಳಿಗೆ ಹೊರಟಿದ್ದಾರೆ. ಅವರ ಕೊನೆಯ ವಾರದ ಕೂಲಿ ತಡೆಹಿಡಿಯಬಹುದೇ? ಹೋಗದಂತೆ ತಡೆಯಬಹುದೇ?

ಉತ್ತರ: ಹೋಗದಂತೆ ತಡೆಯುವ ಮಾತನ್ನು ಮನಸ್ಸಿನಿಂದಲೇ ತೆಗೆದುಹಾಕಿ. ಸಾಲದ ಹೆಸರಿನಲ್ಲಿ ಒಬ್ಬರನ್ನು ಬಲವಂತವಾಗಿ ದುಡಿಸುವುದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯಂತೆ ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಇಡೀ ಕೂಲಿಯನ್ನು ತಡೆಹಿಡಿಯಲೂ ಬರುವುದಿಲ್ಲ. ಕೆಲಸ ಬಿಟ್ಟವರ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಮುಂಗಡಕ್ಕಾಗಿ ಕಡಿತ ಮಾಡಬಹುದು, ಆದರೆ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ಕೂಲಿಯ ಅರ್ಧವನ್ನು ಮೀರಬಾರದು. ಮಿಕ್ಕ ಹಣಕ್ಕೆ ಸಿವಿಲ್ ನ್ಯಾಯಾಲಯವೇ ಗತಿ, ಅಲ್ಲಿ ಸಹಿ ಇಲ್ಲದ ಬಾಯಿಮಾತಿನ ಲೆಕ್ಕ ನಿಲ್ಲುವುದು ಕಷ್ಟ. ನಿಮ್ಮ ಊರಿನಲ್ಲಿ ಮದುವೆಗೆ, ಆಸ್ಪತ್ರೆಗೆಂದು ಮುಂಗಡ ಕೊಡುವುದು ಹಲವು ಮನೆಗಳಿಗೆ ಆಸರೆಯಾಗಿದೆ ಎಂಬುದನ್ನು ಬಲ್ಲೆ. ಮುಂದೆ ಕೊಡುವಾಗ ಮೊತ್ತವನ್ನೂ ವಾರದ ಕಂತನ್ನೂ ಕನ್ನಡದಲ್ಲಿ ಬರೆದು, ಓದಿ ಹೇಳಿ, ಇಬ್ಬರೂ ಸಹಿ ಮಾಡಿ, ಒಂದು ಪ್ರತಿಯನ್ನು ನೇಕಾರರಿಗೆ ಕೊಡಿ.

ಪ್ರಶ್ನೆ: ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಮಾತ್ರ ಕೆಲಸ ಮಾಡುವೆ. ನನಗೆ ಗ್ರ್ಯಾಚುಟಿ ಇದೆಯೇ?

ಉತ್ತರ: ಇದೆ. ಆದರೆ ವರ್ಷಪೂರ್ತಿ ಕೆಲಸವಿಲ್ಲದ ಹಂಗಾಮಿನ ಕಾರ್ಮಿಕರಿಗೆ ಹದಿನೈದು ದಿನದ ಬದಲು ಪ್ರತಿ ಹಂಗಾಮಿಗೆ ಏಳು ದಿನದ ವೇತನದಂತೆ ಲೆಕ್ಕ ಹಿಡಿಯಲಾಗುತ್ತದೆ. ಹಂಗಾಮಿನಲ್ಲಿ ಕಾರ್ಖಾನೆ ನಡೆದ ದಿನಗಳ ಪೈಕಿ ಕನಿಷ್ಠ ಶೇಕಡಾ 75ರಷ್ಟು ದಿನ ನೀವು ಹಾಜರಿದ್ದರೆ ಅದು ನಿರಂತರ ಸೇವೆಯೆನಿಸುತ್ತದೆ. ಪ್ರತಿ ಹಂಗಾಮು ಮುಗಿದ ಮೇಲೆ ಹಾಜರಿ ದಿನಗಳನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ.