111111111ರ ವರ್ಗದ ಕೊನೆಗೆ ಎರಡು ಸೊನ್ನೆ ಬಂದಿದ್ದರ ಬಗ್ಗೆ

111111111ನ್ನು ಅದರಿಂದಲೇ ಗುಣಿಸಿದಾಗ ಕೊನೆಗೆ ಎರಡು ಸೊನ್ನೆ ಬಂದದ್ದು ಬಹುಶಃ ಎಕ್ಸೆಲ್‌ನ (ಕಂಪ್ಯೂಟರಿನ ಲೆಕ್ಕದ ಹಾಳೆಯ) ಮಿತಿ. 12345678987654300 ಬಂತು, ಹಾಗಾದ್ರೆ ಇದು 100ರಿಂದ ಭಾಗ ಹೋಗುತ್ತಾ ಅಂತ ಧಾರವಾಡದ ನಿಮ್ಮ ಟ್ಯೂಷನ್ ಮಕ್ಕಳು ಕೇಳಿದ್ದು ಒಳ್ಳೆ ಪ್ರಶ್ನೆ. ಎಕ್ಸೆಲ್ 15 ಅಂಕೆ ಮಾತ್ರ ತೋರಿಸಿ ಉಳಿದ ಜಾಗಕ್ಕೆ ಸೊನ್ನೆ ಹಾಕುತ್ತದೆ, ಇಲ್ಲಿರುವುದು 17 ಅಂಕೆ. ನೀವು ಬೇರೆ ಆ್ಯಪ್ ಬಳಸಿದ್ದರೆ ಮಿತಿ ಬೇರೆ ಇರಬಹುದು.

ಮೊದಲು ಕೊನೆಯ ಅಂಕೆ ನೋಡಲು ಹೇಳಿ. 1×1=1, ಅಲ್ಲಿ ಸೊನ್ನೆ ಬರುವ ಮಾತೇ ಇಲ್ಲ. ಆಮೇಲೆ 11×11=121, 111×111=12321 ಅಂತ ಅವರೇ ಬೋರ್ಡ್ ಮೇಲೆ ಗುಣಿಸುತ್ತಾ ಹೋಗಲಿ, ಒಂಬತ್ತು ಒಂದುಗಳಿಗೆ ಬಂದಾಗ 12345678987654321 ತಾನಾಗೇ ಸಿಗುತ್ತದೆ, ಎಷ್ಟು ಚೆಂದ ಅಲ್ವಾ! ಹತ್ತು ಒಂದುಗಳಾದರೆ ದಶಕ ಮೇಲಕ್ಕೆ ಹೋಗಿ ಈ ಸಾಲು ಮುರಿಯುತ್ತದೆ, ಅದನ್ನೂ ಮಾಡಿಸಿ.

ಯಾವುದರಿಂದ ಭಾಗ ಹೋಗುತ್ತದೆ ಅನ್ನೋದಕ್ಕೆ 111111111 = 3×3×37×333667 ಅಂತ ಬಿಡಿಸಿ. 333667 ಅವಿಭಾಜ್ಯ. ಪ್ರತಿಯೊಂದನ್ನೂ ಎರಡು ಸಲ ಬರೆದರೆ ದೊಡ್ಡ ಸಂಖ್ಯೆಯ ಅಪವರ್ತನ ಸಿಕ್ಕಿತು. ಅದರಲ್ಲಿ 2 ಇಲ್ಲ, 5 ಇಲ್ಲ, ಹಾಗಾಗಿ 100ರಿಂದ ಭಾಗ ಹೋಗೋದಿಲ್ಲ.