ಇಂಟರ್‌ನ್ಯಾಷನಲೈಸೇಷನ್‌ನಂತಹ ಉದ್ದನೆಯ ಇಂಗ್ಲಿಷ್ ಪದವನ್ನು ಉಚ್ಚಾರಾಂಶಗಳಾಗಿ (ಸಿಲಬಲ್) ಒಡೆದು, ಒತ್ತು (ಸ್ಟ್ರೆಸ್) ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಮೊದಲು ಒಡೆಯುವುದು, ಆಮೇಲೆ ಒತ್ತು ಹುಡುಕುವುದು ಎಂಬ ಈ ಕ್ರಮವನ್ನೇ ನಂಬಿ ನಾನು ಎರಡು ವರ್ಷ ಅಭ್ಯಾಸ ಮಾಡಿದ್ದೆ. ಕೊನೆಗೆ ಒಂದು ಸಂದರ್ಶನದಲ್ಲಿ ‘ರೆಸ್ಪಾನ್ಸಿಬಿಲಿಟಿ’ ಎಂಬ ಪದವನ್ನು ಮೂರು ಸಲ ಹೇಳಿದರೂ ಎದುರಿಗಿದ್ದವರಿಗೆ ಅದು ಯಾವ ಪದವೆಂದು ತಿಳಿಯಲಿಲ್ಲ. ಆ ಕೆಲಸ ನನಗೆ ಸಿಗಲಿಲ್ಲ. ಪದದ ಆರೂ ಉಚ್ಚಾರಾಂಶಗಳನ್ನು ನಾನು ಸರಿಯಾಗಿಯೇ ಎಣಿಸಿದ್ದೆ.

ತಪ್ಪಿದ್ದು ಒತ್ತನ್ನು ತೋರಿಸಲು ನಿಘಂಟಿನಲ್ಲಿ ಹಾಕುವ ಒಂದು ಸಣ್ಣ ಗೆರೆಯನ್ನು ಓದುವುದರಲ್ಲಿ. ಕನ್ನಡದಲ್ಲಿ ದೀರ್ಘವಾಗಲಿ ಒತ್ತಕ್ಷರವಾಗಲಿ ಮೂಲ ಅಕ್ಷರವನ್ನು ಬರೆದ ಮೇಲೆ ಅದಕ್ಕೆ ಸೇರುವಂಥದ್ದು. ಹಾಗಾಗಿ ಆ ಗೆರೆಯೂ ತನ್ನ ಹಿಂದಿರುವ ಉಚ್ಚಾರಾಂಶಕ್ಕೆ ಸೇರಿದ್ದೆಂದು ಭಾವಿಸಿದೆ. ಅನೇಕ ನಿಘಂಟುಗಳು ಉಚ್ಚಾರಣೆ ತೋರಿಸಲು ಬಳಸುವ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ (ಐಪಿಎ) ಆಗುವುದು ಇದರ ತದ್ವಿರುದ್ಧ: ಗೆರೆ ಮೊದಲು ಬರುತ್ತದೆ, ಒತ್ತು ಪಡೆಯುವ ಉಚ್ಚಾರಾಂಶ ಅದರ ನಂತರ, ಮೇಲ್ಗೆರೆ (ˈ) ಪ್ರಧಾನ ಒತ್ತನ್ನೂ ಕೆಳಗೆರೆ (ˌ) ಉಪ ಒತ್ತನ್ನೂ ಸೂಚಿಸುತ್ತದೆ. ‘ಬಿಲ್’ಗೆ ಸೇರಬೇಕಾದ ಮೇಲ್ಗೆರೆಯನ್ನು ನಾನು ‘ಸಿ’ಗೆ ಕೊಟ್ಟೆ, ‘ಸ್ಪಾನ್’ನ ಕೆಳಗೆರೆಯನ್ನು ‘ರೆ’ಗೆ ಕೊಟ್ಟೆ. ಎತ್ತಿ ಹೇಳಬೇಕಾದ ಎರಡೂ ಉಚ್ಚಾರಾಂಶಗಳು ನನ್ನ ಬಾಯಲ್ಲಿ ಕುಗ್ಗಿದವು, ಕುಗ್ಗಬೇಕಾದವು ಎದ್ದು ನಿಂತವು. ಕೆಲವು ಅಮೆರಿಕನ್ ನಿಘಂಟುಗಳು ಒತ್ತಿನ ಗುರುತನ್ನು ಉಚ್ಚಾರಾಂಶದ ನಂತರವೇ ಹಾಕುತ್ತ ಬಂದಿರುವುದರಿಂದ, ನಿಮ್ಮ ನಿಘಂಟಿನ ಉಚ್ಚಾರಣಾ ಸೂಚನೆಯನ್ನು ಓದದೆ ಒಂದು ಪದವನ್ನೂ ಕಲಿಯಬೇಡಿ. ನಿಘಂಟಿನ ಪ್ರತಿ ನಮೂದಿನ ಮೊದಲಿಗಿರುವ ಪದದೊಳಗಿನ ಚುಕ್ಕೆಗಳನ್ನಂತೂ ನಂಬಲೇಬೇಡಿ. ಅನೇಕ ನಿಘಂಟುಗಳಲ್ಲಿ ಅವು ಸಾಲಿನ ಕೊನೆಯಲ್ಲಿ ಪದವನ್ನು ಮುರಿಯುವ ಜಾಗವನ್ನು ತೋರಿಸುತ್ತವೆಯೇ ಹೊರತು ಉಚ್ಚಾರಣೆಯನ್ನಲ್ಲ.

ಆದ್ದರಿಂದ ಒಡೆಯುವ ನಿಯಮಗಳ ಪಟ್ಟಿಯನ್ನು ನಾನು ಕೊಡುವುದಿಲ್ಲ. ಪದದ ಬಾಲವನ್ನು ನೋಡಿ. ‘ಷನ್’, ‘ಇಕ್’, ‘ಇಟಿ’ ಎಂದು ಮುಗಿಯುವ ಪದಗಳಲ್ಲಿ ಬಹುಪಾಲು ಪ್ರಧಾನ ಒತ್ತು ಆ ಪ್ರತ್ಯಯದ ಹಿಂದಿನ ಉಚ್ಚಾರಾಂಶದ ಮೇಲೆ ಬೀಳುತ್ತದೆ (‘ಅರೇಬಿಕ್’ನಂತಹ ಕೆಲವು ಅಪವಾದಗಳಿವೆ). ‘ಎಲೆಕ್ಟ್ರಿಕ್’ನಲ್ಲಿ ‘ಲೆಕ್’ ಮೇಲಿದ್ದ ಒತ್ತು ‘ಎಲೆಕ್ಟ್ರಿಸಿಟಿ’ಯಲ್ಲಿ ‘ಟ್ರಿಸ್’ಗೆ ಜಾರುವುದು ಇದೇ ಕಾರಣಕ್ಕೆ. ಒತ್ತು ಸಿಕ್ಕ ಮೇಲೆ ಸುತ್ತಲಿನ ಒತ್ತಿಲ್ಲದ ಸ್ವರಗಳನ್ನು ಕುಗ್ಗಿಸಿ ಹೇಳಿ. ಪ್ರತಿ ಅಕ್ಷರವನ್ನೂ ಪೂರ್ಣವಾಗಿ ನುಡಿಯುವ ನಮ್ಮ ಅಭ್ಯಾಸಕ್ಕೆ ಕಷ್ಟವಾಗುವುದು ಇದೇ.

ನೀವು ಕೇಳಿದ ಪದವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಏಳು ಉಚ್ಚಾರಾಂಶಗಳೋ ಎಂಟೋ ಎಂಬುದು, ‘ನ್ಯಾಷ್’ ನಂತರದ ದುರ್ಬಲ ಸ್ವರವನ್ನು ಉಳಿಸುತ್ತೀರೋ ನುಂಗುತ್ತೀರೋ ಎಂಬುದರ ಮೇಲೆ ನಿಂತಿದೆ, ಎರಡೂ ಸರಿಯೇ. ಪ್ರಧಾನ ಒತ್ತು ಮಾತ್ರ ಎರಡರಲ್ಲೂ ‘ಷನ್’ನ ಹಿಂದಿನ ‘ಸೇ’ ಮೇಲೆಯೇ ಇರುತ್ತದೆ, ಉಪ ಒತ್ತು ‘ನ್ಯಾಷ್’ ಮೇಲೆ.