ಒಂದೇ ಗುಡಿ, ಒಂದಿಡೀ ಬೆಳಗ್ಗೆ

ಓದುಗರ ಪತ್ರ: ನಾವು ಮೈಸೂರಿನವರು. ಇಬ್ಬರು ಮಕ್ಕಳನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಮಗಳಿಗೆ 11, ಮಗನಿಗೆ 7. ಇದೇ ದಾರಿ ಹಿಡಿದ ಇನ್ನೂ ನಾಲ್ಕು ಮನೆಯವರು ಜೊತೆಗಿದ್ದಾರೆ. ಡಿಸೆಂಬರಿನಲ್ಲಿ ಗಾಡಿ ಮಾಡಿಕೊಂಡು ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಸೋಮನಾಥಪುರ ಎಲ್ಲವನ್ನೂ ಎರಡು ದಿನದಲ್ಲಿ ತೋರಿಸೋಣ ಅಂತಿದ್ದೇವೆ. ಪ್ರಶ್ನೆಪಟ್ಟಿ ಏನಾದರೂ ಮಾಡಿಕೊಡಬೇಕಾ? ನಮ್ಮ ಅತ್ತೆಯವರಂತೂ "ಶಾಲೆ ಬಿಡಿಸಿದ್ದು ಸಾಲದು ಅಂತ ಊರು ಬೇರೆ ಸುತ್ತಿಸ್ತೀರಾ" ಅಂತಾರೆ. ಅವರಿಗೆ ಏನು ಹೇಳಲಿ?

ಸಂಪಾದಕರ ಉತ್ತರ: ನಿಮ್ಮ ಪಟ್ಟಿಯಲ್ಲಿ ಮೂರು ಊರು ಹೊಡೆದುಹಾಕಿ. ಸೋಮನಾಥಪುರ ಒಂದನ್ನೇ ಉಳಿಸಿಕೊಳ್ಳಿ.

ಪೆಟ್ಟು ತಿಂದು ಕಲಿತದ್ದನ್ನೇ ಹೇಳುತ್ತಿದ್ದೇನೆ. ಕೆಲವು ವರ್ಷದ ಹಿಂದೆ ನಾವು ಮೂರು ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಒಂದೇ ದಿನ ಮುಗಿಸಲು ಹೊರಟೆವು. ಗೊಮ್ಮಟನ ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಹಳೇಬೀಡಿನಲ್ಲಿ ಮಕ್ಕಳ ಕಣ್ಣೆಲ್ಲ ಐಸ್‌ಕ್ಯಾಂಡಿ ಗಾಡಿಯ ಮೇಲೆ. ಬೇಲೂರಿನಲ್ಲಿ ನನ್ನ ಮಗಳು ವ್ಯಾನಿನಿಂದ ಕೆಳಗೇ ಇಳಿಯಲಿಲ್ಲ. ತಪ್ಪು ಅವಳದಲ್ಲ, ನಮ್ಮ ಆತುರದ್ದು.

ಮುಂದಿನ ಸಲ ಸೋಮನಾಥಪುರಕ್ಕೆ ಮಾತ್ರ ಹೋದೆವು. ನಿಮಗಂತೂ ಅದು ಸುಮಾರು 35 ಕಿ.ಮೀ. ದೂರ ಅಷ್ಟೆ. ತಿಂಡಿ ಕಟ್ಟಿಕೊಂಡು ಬೇಗ ಹೊರಟರೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತೀರಿ.

13ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥ ಕಟ್ಟಿಸಿದ ಗುಡಿ ಅಂತ ಹೋದ ತಕ್ಷಣ ಶುರು ಮಾಡಬೇಡಿ. ಇಸವಿ, ರಾಜರ ಹೆಸರು ಆಮೇಲಾದರೂ ಆಯಿತು. ಮೊದಲು ಹೊರಗೋಡೆಯನ್ನು ಸುತ್ತು ಹಾಕಿಸಿ. ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಅದರ ಮೇಲೆ ಕತೆಗಳು, ಮಕರ, ಹಂಸ. ನಿಮ್ಮ ಮಗ ಕುಕ್ಕರಗಾಲಲ್ಲಿ ಕೂತರೆ ಆನೆ ಸಾಲು ಕಣ್ಣೆದುರಿಗೇ ಬರುತ್ತದೆ. "ಒಂದೇ ಥರ ಇರೋ ಎರಡು ಆನೆ ಹುಡುಕು" ಎನ್ನಿ. ಅರ್ಧ ಗಂಟೆ ಅವನ ತಂಟೆಗೆ ಹೋಗಬೇಡಿ.

ಮಗಳಿಗೆ ಬೇರೆ ಕೆಲಸವಿದೆ. ಅಲ್ಲಿನ ಎಷ್ಟೋ ಮೂರ್ತಿಗಳ ಬುಡದಲ್ಲಿ ಕೆತ್ತಿದವರ ಹೆಸರಿದೆ. ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಹಲವು ಕಡೆ ಸಿಗುತ್ತದೆ. ಕೆಲವು ಕಡೆ ಪೂರ್ತಿ, ಕೆಲವು ಕಡೆ 'ಮಲ್ಲಿ', ಇನ್ನು ಕೆಲವು ಕಡೆ ಬರೀ 'ಮ'. ನಮ್ಮ ಗುಂಪಿನಲ್ಲಿ ಹಳೆಯ ಲಿಪಿ ಅಷ್ಟಿಷ್ಟು ಬಲ್ಲವರೊಬ್ಬರಿದ್ದರು. ಆ ಕಾಲದ 'ಮ' ಅಕ್ಷರವನ್ನು ಚೀಟಿಯಲ್ಲಿ ಬರೆದು ಮಕ್ಕಳ ಕೈಗೆ ಕೊಟ್ಟರು. ಒಂಬತ್ತು ವರ್ಷದ ಹುಡುಗನೊಬ್ಬ ಚೀಟಿಯನ್ನು ಗೋಡೆಯ ಪಕ್ಕ ಹಿಡಿದು ಹೆಜ್ಜೆ ಹೆಜ್ಜೆಗೂ ನಿಂತು ನೋಡುತ್ತಾ ಹೋದ. "ಸಿಕ್ತು!" ಅಂತ ಅವನು ಕೂಗಿದ್ದು ಗೇಟಿನವರೆಗೂ ಕೇಳಿಸಿತು. ಆಮೇಲೆ ಎಷ್ಟೋ ದಿನ ಅವನು ತಾನು ಬಿಡಿಸಿದ ಚಿತ್ರದ ಕೆಳಗೆಲ್ಲ ತನ್ನ ಹೆಸರಿನ ಮೊದಲಕ್ಷರ ಒಂದನ್ನೇ ಹಾಕುತ್ತಿದ್ದ.

ಆ ಚೀಟಿ ಕೊಟ್ಟವರು ಅವನ ಅಪ್ಪ ಅಲ್ಲ, ಇನ್ನೊಬ್ಬರ ಅಪ್ಪ. ಮನೆಯಲ್ಲಿ ಕಲಿಯುವ ಮಕ್ಕಳಿಗೆ ಗುಂಪಿನಲ್ಲಿ ಹೋಗುವ ಪ್ರವಾಸ ಬೇಕೇ ಬೇಕು ಅಂತ ನನಗನ್ನಿಸಿದ್ದು ಆವತ್ತು. ಅವರು ದಿನವೆಲ್ಲ ಕೇಳುವುದು ಅಪ್ಪ ಅಮ್ಮನ ದನಿಯನ್ನೇ ಅಲ್ವಾ? ಐದು ಮನೆಯ ದೊಡ್ಡವರು ಒಬ್ಬೊಬ್ಬರು ಒಂದೊಂದು ವಿಷಯ ಹಂಚಿಕೊಳ್ಳಿ. ನಿಮ್ಮ ಮಕ್ಕಳು ಆವತ್ತು ನಿಮ್ಮ ಜೊತೆ ಇರುವುದು ಬೇಡ.

ಯಾರಾದರೊಬ್ಬರು ಕಲ್ಲಿನ ವಿಷಯ ಹೇಳಲಿ. ಅದು ಬಳಪದ ಕಲ್ಲು. ಸ್ಲೇಟಿನ ಮೇಲೆ ನಾವು ಬರೆಯುತ್ತಿದ್ದ ಬಳಪದ ಜಾತಿಯದೇ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗುತ್ತಾ ಗಟ್ಟಿಯಾಗುತ್ತದೆ. ಅಷ್ಟು ಸಣ್ಣ ಕುಸುರಿ ಮಾಡಲು ಆಗಿದ್ದು ಅದರಿಂದಲೇ. ಮನೆಗೆ ಬಂದಮೇಲೆ ಒಂದೊಂದು ಸೋಪು, ಒಂದೊಂದು ಹಳೇ ಚಮಚ ಕೊಟ್ಟು ಆನೆ ಕೆತ್ತಲು ಹೇಳಿ. ಗುಡಿಯ ಕೆತ್ತನೆ ಮುಟ್ಟಬಾರದು ಅನ್ನುವುದನ್ನು ಮಾತ್ರ ಹೊರಡುವ ಮುಂಚೆಯೇ ಹೇಳಿಬಿಡಿ.

ಪ್ರಶ್ನೆಪಟ್ಟಿ ಬೇಡ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಪುರಾತತ್ವ ಇಲಾಖೆಯ ಜಾಗಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಿಮ್ಮ ಮಕ್ಕಳ ಹತ್ತಿರ ಶಾಲೆಯ ಗುರುತಿನ ಚೀಟಿ ಇರುವುದಿಲ್ಲವಾದ್ದರಿಂದ ಆಧಾರ್ ಪ್ರತಿ ಇಟ್ಟುಕೊಂಡಿರಿ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಿ. ಬೇಲೂರು ಮುಂದಿನ ವರ್ಷಕ್ಕಿರಲಿ. ಅಲ್ಲೂ ಶಿಲ್ಪಿಗಳ ಹೆಸರಿವೆ, ನಿಮ್ಮ ಮಗಳು ತಾನೇ ಹುಡುಕುತ್ತಾಳೆ.

ಇನ್ನು ಅತ್ತೆಯವರ ಮಾತು. ಅವರಿಗೆ ಏನೂ ಹೇಳಬೇಡಿ, ಗಾಡಿಯಲ್ಲಿ ಮುಂದಿನ ಸೀಟು ಕೊಡಿ. ಆ ಗುಡಿಗೆ ಪ್ರದಕ್ಷಿಣೆ ಬಂದರೆ ಗೋಡೆಯ ಮೇಲೆ ಮೊದಲು ರಾಮಾಯಣ, ಗುಡಿಯ ಹಿಂಬದಿಯಲ್ಲಿ ಭಾಗವತ, ಆಮೇಲೆ ಮಹಾಭಾರತ. ಅದರಲ್ಲಿ ಯಾರು ಯಾರು ಅಂತ ನನಗಾಗಲಿ ನಿಮಗಾಗಲಿ ಅವರಷ್ಟು ಗೊತ್ತಿರುವುದಿಲ್ಲ. ಎಲ್ಲ ಮಕ್ಕಳನ್ನೂ ಅವರ ಹಿಂದೆ ಬಿಡಿ. ಚಪ್ಪಲಿ ಬಿಟ್ಟು ಹತ್ತಬೇಕು, ಹೊತ್ತೇರಿದ ಹಾಗೆ ಜಗಲಿಯ ಕಲ್ಲು ಕಾಯುತ್ತದೆ. ಅವರಿಗೊಂದು ಜೊತೆ ಕಾಲುಚೀಲ ಮರೆಯದೆ ಇಟ್ಟುಕೊಳ್ಳಿ.